ತೇಜಸ್ 4ನೇ ತಲೆಮಾರಾ, 4.5ರದ್ದಾ? ಫೈಟರ್ ಜೆಟ್‌ಗಳಿಗೆ ಈ ನಂಬರ್ ಕೊಡುವವರು ಯಾರು?

ಯಲಹಂಕದ ಹಕ್ಕಿ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಒಂದಿದೆ.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಹೋಗಿದ್ದೆ. ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿದ್ದವು. ಎರಡನ್ನೂ ಐದನೇ ತಲೆಮಾರು ಅಂತಲೇ ಕರೆಯುತ್ತಾರೆ. ಆದರೆ ನನ್ನ ಕಣ್ಣಿಗೆ ಎರಡೂ ಬೇರೆ ಬೇರೆ ಜಾತಿಯ ಹಕ್ಕಿಗಳ ಹಾಗೆ ಕಂಡವು. ಸು-57 ಉದ್ದ, ಚಪ್ಪಟೆ ಮೈ, ಎರಡು ಇಂಜಿನ್. ಎಫ್-35 ಗಿಡ್ಡ, ದಪ್ಪ, ಒಂದೇ ಇಂಜಿನ್. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದವರು ಯಾರು? ಯಾವ ಅಳತೆಗೋಲಿನಿಂದ?

ಮನೆಯ ವಾಟ್ಸಾಪ್ ಗುಂಪಿನಲ್ಲಿ ತೇಜಸ್ ಸುದ್ದಿ ಬಂದಾಗೆಲ್ಲ ಇದೇ ಜಗಳ. ನಮ್ಮ ಭಾವ "ಅದು ಹಳೇ ತಲೆಮಾರಿನದು, ಬಿಡು" ಅನ್ನುತ್ತಾರೆ. ನಾನು 4.5 ಅನ್ನುತ್ತೇನೆ. ಇಬ್ಬರ ಹತ್ತಿರವೂ ಆಧಾರ ಇಲ್ಲ. ಹುಡುಕಿದರೆ ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗುತ್ತದೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಇನ್ನೊಂದು ಆಸೆ ಇದೆ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಮಾರುತ್ ಫೈಟರ್ ಜೆಟ್ ಯಾವ ತಲೆಮಾರಿಗೆ ಸೇರುತ್ತದೆ ಅಂತಲೂ ತಿಳಿಯಬೇಕು.

ರಾಡಾರ್ ರಸಿಕ:

ಒಳ್ಳೆಯ ಪ್ರಶ್ನೆ. ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಈ ನಂಬರ್ ಕೊಡುವ ಕಚೇರಿ ಜಗತ್ತಿನಲ್ಲಿ ಎಲ್ಲೂ ಇಲ್ಲ. ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕುವ ಹಾಗೆ ಯಾರೂ ಪರೀಕ್ಷೆ ಮಾಡಿ ಮುದ್ರೆ ಒತ್ತುವುದಿಲ್ಲ.

ಅಮೆರಿಕದ ವಾಯುಪಡೆ ಇತಿಹಾಸಕಾರ ರಿಚರ್ಡ್ ಹ್ಯಾಲಿಯನ್ 1990ರಲ್ಲೇ ಜೆಟ್ ಫೈಟರ್‌ಗಳನ್ನು ಆರು ತಲೆಮಾರಾಗಿ ಹಂಚಿದ್ದರು. ಗಮನಿಸಿ, ಆಗಲೇ ಆರು! ಅವರ ಲೆಕ್ಕದಲ್ಲಿ ಎಫ್-15, ಎಫ್-16 ಆರನೆಯವು. ಅದೇ ವಿಮಾನಗಳನ್ನು ಇವತ್ತು ನಾವು ನಾಲ್ಕನೆಯವು ಅನ್ನುತ್ತೇವೆ. ರಷ್ಯನ್ನರು ಮಿಗ್-29, ಸು-27ಗಳನ್ನು ನಾಲ್ಕನೆಯವು ಅಂತ ಎಣಿಸಿ, ಮುಂದಿನದಕ್ಕೆ ಐದನೇ ತಲೆಮಾರು ಅಂತ ಹೆಸರಿಟ್ಟುಕೊಂಡರು. ಎಫ್-22, ಎಫ್-35 ಬಂದಮೇಲೆ ಅಮೆರಿಕದವರೂ ಅದೇ ಮಾತು ಹಿಡಿದರು. ಚೀನಾದಲ್ಲಿ ಬೇರೆಯೇ ಎಣಿಕೆ ಇತ್ತು. ಅವರ ಜೆ-20ಯನ್ನು ತುಂಬಾ ಕಾಲ ಅಲ್ಲಿ ನಾಲ್ಕನೇ ತಲೆಮಾರು ಅಂತಲೇ ಕರೆಯುತ್ತಿದ್ದರು. ನೀವು ಹುಡುಕಿದಾಗ ಲೆಕ್ಕ ಹೊಂದದೇ ಇರುವುದಕ್ಕೆ ಇದೇ ಕಾರಣ.

ಹಾಗಂತ ಈ ಎಣಿಕೆ ಸುಳ್ಳಲ್ಲ. ಒಂದೊಂದು ಕಾಲದಲ್ಲಿ ವಿಮಾನ ಕಟ್ಟುವವರ ಮುಂದೆ ಒಂದೊಂದು ದೊಡ್ಡ ತೊಡಕು ಇತ್ತು. ಅದನ್ನು ಬಿಡಿಸಿದ ವಿಮಾನಗಳು ಒಂದು ತಲೆಮಾರು. ನಾನು ಹಾಗೆ ನೋಡುತ್ತೇನೆ.

ಮೊದಲ ತಲೆಮಾರಿಗೆ ಜೆಟ್ ಇಂಜಿನ್ನೇ ಹೊಸದು. 1944ರಲ್ಲಿ ಜರ್ಮನಿಯ ಮೆಸರ್‌ಶ್ಮಿಟ್ 262, ಬ್ರಿಟನ್ನಿನ ಮೀಟಿಯರ್ ಬಂದವು. ಆಮೇಲೆ ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೇಬರ್ ಮತ್ತು ಸೋವಿಯತ್ ಮಿಗ್-15 ಎದುರುಬದುರಾದವು. ರೆಕ್ಕೆ ಹಿಂದಕ್ಕೆ ಬಾಗಿತು, ವೇಗ ಶಬ್ದದ ಹತ್ತಿರಕ್ಕೆ ಬಂತು. ಆಯುಧ ಮಾತ್ರ ಹಳೆಯದೇ, ಅಂದರೆ ಬಂದೂಕು. ನಮ್ಮ ವಾಯುಪಡೆಗೆ 1948ರಲ್ಲಿ ಬಂದ ವ್ಯಾಂಪೈರ್ ಕೂಡ ಇದೇ ಗುಂಪಿನದು. ಅದನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಕಟ್ಟಿದರು.

ಎರಡನೆಯದು ವೇಗದ ತಲೆಮಾರು. ಶಬ್ದದ ಎರಡು ಪಟ್ಟು, ಅಂದರೆ ಮ್ಯಾಕ್ 2. ಅಣುಬಾಂಬ್ ಹೊತ್ತು ಬರುವ ಬಾಂಬರ್‌ಗಳನ್ನು ದೂರದಲ್ಲೇ ತಡೆಯಬೇಕು, ಅದಕ್ಕೆ ಓಟ ಬೇಕು. ಮೂಗಿನಲ್ಲಿ ರಾಡಾರ್, ರೆಕ್ಕೆಯ ಕೆಳಗೆ ಕ್ಷಿಪಣಿ. ಮಿಗ್-21, ಮಿರಾಜ್ 3, ಎಫ್-104 ಈ ಕಾಲದವು.

ಮೂರನೆಯದರಲ್ಲಿ ಒಂದೇ ವಿಮಾನ ಎಲ್ಲ ಕೆಲಸ ಮಾಡಲಿ ಅನ್ನುವ ಆಸೆ. ಕಣ್ಣಿಗೆ ಕಾಣದ ದೂರದಿಂದ ಹೊಡೆಯುವುದು, ನೆಲದ ಮೇಲೆ ಬಾಂಬ್ ಹಾಕುವುದು, ಎರಡೂ. ಎಫ್-4 ಫ್ಯಾಂಟಮ್ ಮತ್ತು ಮಿಗ್-23. ಫ್ಯಾಂಟಮ್ ಮಾಡಿದವರು ಕ್ಷಿಪಣಿಯನ್ನು ಎಷ್ಟು ನಂಬಿದ್ದರು ಅಂದರೆ ಮೊದಲ ಮಾದರಿಗಳಲ್ಲಿ ಬಂದೂಕನ್ನೇ ಇಡಲಿಲ್ಲ. ವಿಯೆಟ್ನಾಂನಲ್ಲಿ ಅದರ ಬೆಲೆ ತೆತ್ತರು. ಕ್ಷಿಪಣಿಗಳು ಬಹುಪಾಲು ಗುರಿ ತಪ್ಪುತ್ತಿದ್ದವು. ಸಾಲದ್ದಕ್ಕೆ, ಎದುರಿನ ವಿಮಾನ ಶತ್ರುವಿನದೇ ಅಂತ ಕಣ್ಣಾರೆ ನೋಡಿ ಹೊಡೆಯಬೇಕು ಅನ್ನುವ ನಿಯಮ ಬೇರೆ. ಹತ್ತಿರ ಹೋದರೆ ಬಂದೂಕಿಲ್ಲ. ಕೊನೆಗೆ ಎಫ್-4ಇ ಮಾದರಿಯಲ್ಲಿ ಬಂದೂಕು ವಾಪಸ್ ಬಂತು.

ಆ ಪಾಠದಿಂದ ಹುಟ್ಟಿದ್ದು ನಾಲ್ಕನೆಯದು. ಬರೀ ನೇರ ಓಟ ಸಾಲದು, ತಿರುಗಬೇಕು, ತಿರುಗುವಾಗ ವೇಗ ಕಳೆದುಕೊಳ್ಳಬಾರದು. ಎಫ್-15, ಎಫ್-16, ಮಿಗ್-29, ಸು-27, ಮಿರಾಜ್ 2000 ಎಲ್ಲವೂ 1972ರಿಂದ 1978ರೊಳಗೆ ಮೊದಲ ಸಲ ಹಾರಿದವು. ಆರೇ ವರ್ಷ! ಆಕಾಶದ ಇತಿಹಾಸದಲ್ಲಿ ಅಂಥ ಇನ್ನೊಂದು ಕಾಲ ನನಗೆ ಕಾಣುವುದಿಲ್ಲ.

ಐದನೆಯದು ಕಾಣದಿರುವ ತಲೆಮಾರು. ಅದನ್ನು ಬೇರೆಯಾಗಿ ಬರೆಯುತ್ತೇನೆ, ಇದೇ ಉದ್ದವಾಯಿತು.

ಹಳೇ ಟೆಕ್ನಿಷಿಯನ್:

ಬಂದೂಕಿನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ವಾಯುಪಡೆಯ ಗ್ರೌಂಡ್ ಸಿಬ್ಬಂದಿಯಾಗಿ ಮಿಗ್-21ರ ಮೇಲೆ ಕೆಲಸ ಮಾಡಿದವನು.

ಫ್ಯಾಂಟಮ್‌ನ ತಪ್ಪು ಅಮೆರಿಕದವರದ್ದು ಮಾತ್ರ ಅಲ್ಲ. ನಮ್ಮ ಮಿಗ್-21 ಎಫ್‌ಎಲ್‌ನಲ್ಲೂ ಒಳಗೆ ಬಂದೂಕು ಇರಲಿಲ್ಲ. ಎರಡೇ ಕ್ಷಿಪಣಿ. ಆಮೇಲೆ ಹೊಟ್ಟೆಯ ಕೆಳಗೆ ಬಂದೂಕಿನ ಪೆಟ್ಟಿಗೆ ಕಟ್ಟಿದರು. 1971ರಲ್ಲಿ ಅದು ಕೆಲಸಕ್ಕೆ ಬಂತು. ನಮ್ಮ ಹಿರಿಯರು ಆ ಪೆಟ್ಟಿಗೆಯ ಬಗ್ಗೆ ಮಾತಾಡುವಾಗ ಮನೆಯ ಹಸುವಿನ ಬಗ್ಗೆ ಮಾತಾಡಿದ ಹಾಗೆ ಇರುತ್ತಿತ್ತು.

ಆ ಎರಡು ಕ್ಷಿಪಣಿಗೂ ಒಂದು ಕಥೆ ಇದೆ. 1958ರಲ್ಲಿ ತೈವಾನಿನ ಸೇಬರ್‌ಗಳು ಅಮೆರಿಕದ ಸೈಡ್‌ವೈಂಡರ್ ಕ್ಷಿಪಣಿ ಹಾರಿಸಿದವು. ಒಂದು ಕ್ಷಿಪಣಿ ಚೀನಾದ ಮಿಗ್-17ಕ್ಕೆ ನಾಟಿತು, ಆದರೆ ಸಿಡಿಯಲಿಲ್ಲ. ಪೈಲಟ್ ಅದನ್ನು ಹಾಗೇ ಹೊತ್ತು ನೆಲಕ್ಕೆ ತಂದ. ಅದು ಸೋವಿಯತ್ ಒಕ್ಕೂಟಕ್ಕೆ ಹೋಯಿತು, ಅವರು ಬಿಚ್ಚಿ ನೋಡಿ ಕೆ-13 ಮಾಡಿದರು. ನಮ್ಮ ಮಿಗ್‌ಗಳಿಗೆ ಬಂದದ್ದು ಅದೇ.

ತಲೆಮಾರು ಅಂದರೆ ಏನು ಅಂತ ನನಗೆ ಪುಸ್ತಕದಿಂದ ಗೊತ್ತಾಗಲಿಲ್ಲ. ಮಿಗ್-21ರ ಮೂಗಿನ ಮುಂದೆ ನಿಂತಾಗ ಗೊತ್ತಾಯಿತು. ಅದರ ಮೂಗು ಅಂದರೆ ಗಾಳಿ ಒಳಗೆ ಹೋಗುವ ಬಾಯಿ. ಆ ಬಾಯಿಯ ನಡುವೆ ಒಂದು ಶಂಕು. ವೇಗಕ್ಕೆ ತಕ್ಕ ಹಾಗೆ ಅದು ಮುಂದೆ ಹಿಂದೆ ಸರಿಯುತ್ತದೆ. ರಾಡಾರ್ ಇರಬೇಕಾದ್ದು ಆ ಶಂಕುವಿನ ಒಳಗೇ. ಜಾಗ ಎಷ್ಟು ಅಂತ ನೀವೇ ಊಹಿಸಿ. ದೊಡ್ಡ ರಾಡಾರ್ ಬೇಕಾದರೆ ದೊಡ್ಡ ಶಂಕು ಬೇಕು, ದೊಡ್ಡ ಶಂಕು ಇಟ್ಟರೆ ಗಾಳಿಯ ದಾರಿ ಕಿರಿದಾಗುತ್ತದೆ. 1950ರ ದಶಕದಲ್ಲಿ ಕಾಗದದ ಮೇಲೆ ಎಳೆದ ಗೆರೆ ಅದು. ಇಂಜಿನ್ ಬದಲಾಯಿಸಬಹುದು, ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಬಹುದು. ಆ ಬಾಯಿಯ ಅಳತೆ ಬದಲಾಯಿಸಲು ಆಗುವುದಿಲ್ಲ.

ಆದರೂ ಮಿಗ್-21ರ ಸುಧಾರಿಸಿದ ಮಾದರಿ ಬೈಸನ್ ಮಾಡಿದಾಗ ಆ ಪುಟ್ಟ ಜಾಗಕ್ಕೆ ಕೋಪ್ಯೋ ರಾಡಾರ್ ಕೂರಿಸಿದರು. ಆರ್-73, ಆರ್-77 ಕ್ಷಿಪಣಿ ಬಂದವು. ಪೈಲಟ್ ತಲೆ ತಿರುಗಿಸಿ ನೋಡಿದ ಕಡೆ ಕ್ಷಿಪಣಿಯ ಕಣ್ಣೂ ತಿರುಗುವ ಹೆಲ್ಮೆಟ್ ಬಂತು. 125 ವಿಮಾನಗಳನ್ನು ಹೀಗೆ ಬದಲಾಯಿಸಿದರು. 2004ರಲ್ಲಿ ಗ್ವಾಲಿಯರ್‌ನಲ್ಲಿ ಅಮೆರಿಕದ ಎಫ್-15ಗಳ ಜೊತೆ ಅಭ್ಯಾಸ ನಡೆದಾಗ ಬೈಸನ್ ನೋಡಿ ಅವರು ಬೆರಗಾದರು.

26 ಸೆಪ್ಟೆಂಬರ್ 2025ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರು. 1963ರಲ್ಲಿ ಅದು ಸೇರಿದ್ದೂ ಅಲ್ಲೇ. ಟಿವಿ ಮುಂದೆ ಕೂತಿದ್ದೆ. ಕಣ್ಣು ಒದ್ದೆಯಾಯಿತು.

ದಾವಣಗೆರೆ ಮಿಂಚು:

ಸರ್, ನಿಮ್ಮ ಬರಹ ಓದಿ ಮೈ ಜುಮ್ಮೆಂದಿತು. ಒಂದು ಸಂಶಯ. ಹಾಗಾದರೆ ಬೈಸನ್ ಎರಡನೇ ತಲೆಮಾರಾ, ಮೂರಾ, ನಾಲ್ಕಾ?

ಹಳೇ ಟೆಕ್ನಿಷಿಯನ್:

ನನ್ನ ಲೆಕ್ಕದಲ್ಲಿ ಮೈ ಎರಡನೆಯದು, ಕಣ್ಣು ಮತ್ತು ಮುಷ್ಟಿ ನಾಲ್ಕನೆಯದು. ಕೆಲವರು ಮೂರು ಅಂತ ಬರೆಯುತ್ತಾರೆ. ಆದರೆ ರನ್‌ವೇ ಮೇಲೆ ಇಳಿಯುವಾಗ ಅದು ಗಂಟೆಗೆ 300 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲೇ ಬರುತ್ತಿತ್ತು. ಹೊಸ ರಾಡಾರ್ ಹಾಕಿದ ಮಾತ್ರಕ್ಕೆ ರೆಕ್ಕೆ ದೊಡ್ಡದಾಗುವುದಿಲ್ಲ ನೋಡಿ. ಪೈಲಟ್‌ಗೆ ಇಳಿಯುವ ಹೊತ್ತಿನಲ್ಲಿ ಅದು ಎರಡನೇ ತಲೆಮಾರೇ.

ರಾಡಾರ್ ರಸಿಕ:

ಐದನೆಯದರ ಬಗ್ಗೆ ಬರೆಯುತ್ತೇನೆ ಅಂದಿದ್ದೆ.

ಸ್ಟೆಲ್ತ್ ಅಂದರೆ ರಾಡಾರ್‌ಗೆ ಕಾಣುವುದೇ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ತಡವಾಗಿ ಕಾಣುತ್ತದೆ, ಅಷ್ಟೇ. ಆ "ತಡ"ದಲ್ಲೇ ಎಲ್ಲ ಇರುವುದು. ರಾಡಾರ್ ಅಲೆ ಹೋಗುವಾಗಲೂ ಹರಡುತ್ತದೆ, ಬಡಿದು ವಾಪಸ್ ಬರುವಾಗಲೂ ಹರಡುತ್ತದೆ. ಅದಕ್ಕೇ ಲೆಕ್ಕ ವಿಚಿತ್ರ. ವಿಮಾನ ತಿರುಗಿ ಕಳಿಸುವ ಪ್ರತಿಫಲನವನ್ನು 16ರಲ್ಲಿ ಒಂದು ಪಾಲಿಗೆ ಇಳಿಸಿದರೂ, ಅದು ಕಾಣುವ ದೂರ ಅರ್ಧ ಮಾತ್ರ ಆಗುತ್ತದೆ. ದೂರವನ್ನು ಹತ್ತನೇ ಒಂದಕ್ಕೆ ಇಳಿಸಬೇಕಾದರೆ ಪ್ರತಿಫಲನ 10,000ದಲ್ಲಿ ಒಂದು ಪಾಲಿಗೆ ಇಳಿಯಬೇಕು. 200 ಕಿಲೋಮೀಟರ್ ದೂರದಲ್ಲಿ ಕಾಣುತ್ತಿದ್ದದ್ದು ಆಗ 20 ಕಿಲೋಮೀಟರ್‌ಗೆ ಬಂದಮೇಲೆ ಕಾಣುತ್ತದೆ.

ಸ್ವಲ್ಪ ಬಣ್ಣ ಬಳಿದು, ಅಲ್ಲೊಂದು ಇಲ್ಲೊಂದು ಅಂಚು ತಿದ್ದಿದರೆ ಇದು ಸಾಧ್ಯವಿಲ್ಲ. ಮೊದಲ ಗೆರೆಯಿಂದಲೇ ಹಾಗೆ ಎಳೆಯಬೇಕು. ರೆಕ್ಕೆಯ ಅಂಚು, ಬಾಲದ ಅಂಚು, ಗಾಳಿ ಬಾಯಿಯ ಅಂಚು ಕೆಲವೇ ದಿಕ್ಕುಗಳಲ್ಲಿ ಸಮಾನಾಂತರ ಇರಬೇಕು. ಇಂಜಿನ್ನಿನ ಬ್ಲೇಡ್ ಮುಂದಿನಿಂದ ಕಾಣಬಾರದು. ಬಾಂಬ್, ಕ್ಷಿಪಣಿ ಎಲ್ಲ ಹೊಟ್ಟೆಯೊಳಗೆ. ಹೊಟ್ಟೆಯೊಳಗೆ ಇಟ್ಟರೆ ವಿಮಾನ ದಪ್ಪವಾಗುತ್ತದೆ. ಎಫ್-35 ದಪ್ಪ ಅಂದಿರಲ್ಲ, ಅದಕ್ಕೆ ಇದೂ ಒಂದು ಕಾರಣ. ನಾಲ್ಕನೇ ತಲೆಮಾರಿನ ವಿಮಾನವನ್ನು ತಿದ್ದಿ ತಿದ್ದಿ ಐದನೆಯದು ಮಾಡಲು ಆಗುವುದಿಲ್ಲ ಅನ್ನುವುದೂ ಇದಕ್ಕೇ. ಟೆಕ್ನಿಷಿಯನ್ ಸರ್ ಹೇಳಿದ ಮೂಗಿನ ಕಥೆಯೇ ಇದು.

ಕರಾವಳಿ ಗಾಳಿ:

ಇಲ್ಲಿ ನನ್ನದೊಂದು ತಕರಾರು ಇದೆ. ಬೇಸರ ಮಾಡಿಕೊಳ್ಳಬೇಡಿ.

ಐದನೇ ತಲೆಮಾರು ಅನ್ನುವುದಕ್ಕೆ ಹಿಂದೆ ಒಂದು ಪಟ್ಟಿ ಹೇಳುತ್ತಿದ್ದರು. ಸ್ಟೆಲ್ತ್, ಚುರುಕು, ಒಳ್ಳೆಯ ಎಲೆಕ್ಟ್ರಾನಿಕ್ಸ್, ಜೊತೆಗೆ ಸೂಪರ್‌ಕ್ರೂಸ್. ಅಂದರೆ ಆಫ್ಟರ್‌ಬರ್ನರ್ (ಇಂಜಿನ್ನಿನ ಹಿಂದೆ ಇನ್ನಷ್ಟು ಇಂಧನ ಉರಿಸಿ ಬಲ ಕೊಡುವ ಭಾಗ) ಹಚ್ಚದೆ ಶಬ್ದಕ್ಕಿಂತ ವೇಗವಾಗಿ ಹೋಗುತ್ತಲೇ ಇರುವುದು. ಎಫ್-22ಗೆ ಅದು ಇದೆ. ಎಫ್-35 ಬಂದಮೇಲೆ ಆ ಮಾತು ಮೆಲ್ಲಗೆ ಹಿಂದೆ ಸರಿಯಿತು, ಯಾಕೆಂದರೆ ಅದು ಅದಕ್ಕಾಗಿ ಮಾಡಿದ ವಿಮಾನ ಅಲ್ಲ. ಅದರ ಗರಿಷ್ಠ ವೇಗವೇ ಮ್ಯಾಕ್ 1.6. ನಮ್ಮ ಮಿಗ್-21 ಮ್ಯಾಕ್ 2 ಮುಟ್ಟುತ್ತಿತ್ತು. ಇನ್ನು ಬ್ರಿಟಿಷರ ಲೈಟ್ನಿಂಗ್ ಇದೆಯಲ್ಲ, ಅದರ ಮೂಲ ಮಾದರಿ 1954ರಲ್ಲೇ ಆಫ್ಟರ್‌ಬರ್ನರ್ ಇಲ್ಲದೆ ಶಬ್ದದ ವೇಗ ದಾಟಿತ್ತು.

ವಿಮಾನ ತಯಾರಾದ ಮೇಲೆ ಅದಕ್ಕೆ ಹೊಂದುವ ಹಾಗೆ ಪಟ್ಟಿ ಬದಲಾದರೆ ಅದು ಅಳತೆಗೋಲಾ? ಕೊಳ್ಳುವ ದೇಶದವರಿಗೆ "ನಿಮ್ಮದು ನಾಲ್ಕು, ನಮ್ಮದು ಐದು" ಅಂದರೆ ಸಾಕು, ಬೇರೇನೂ ಕೇಳದೆ ಕೈ ಜೇಬಿಗೆ ಹೋಗುತ್ತದೆ. ಜನರ ತೆರಿಗೆ ಹಣ ಸಾವಿರಾರು ಕೋಟಿ ಲೆಕ್ಕದಲ್ಲಿ ಹೋಗುವ ವಿಷಯ ಇದು. ಒಂದು ಅಂಕಿ ನೋಡಿ ತೀರ್ಮಾನ ಮಾಡಬಾರದು ಅಂತ ನನ್ನ ಕಳಕಳಿ.

ರಾಡಾರ್ ರಸಿಕ:

ಸೂಪರ್‌ಕ್ರೂಸ್ ವಿಷಯ ಒಪ್ಪುತ್ತೇನೆ, ಪಟ್ಟಿ ಜಾರಿದ್ದು ನಿಜ. ಆದರೆ ಎಫ್-35ರ ಹೊಸತನ ವೇಗದಲ್ಲಿ ಇಲ್ಲ. ರಾಡಾರ್, ಸುತ್ತ ನೋಡುವ ಕ್ಯಾಮೆರಾ, ಬೇರೆ ವಿಮಾನಗಳಿಂದ ಬರುವ ಮಾಹಿತಿ ಎಲ್ಲವನ್ನೂ ಕಂಪ್ಯೂಟರ್ ಒಂದೇ ಚಿತ್ರವಾಗಿ ಜೋಡಿಸಿ ಪೈಲಟ್ ಮುಂದೆ ಇಡುತ್ತದೆ. ಹಳೆಯ ವಿಮಾನದಲ್ಲಿ ನಾಲ್ಕು ಪರದೆ ನೋಡಿ ಪೈಲಟ್ ತಲೆಯಲ್ಲೇ ಆ ಚಿತ್ರ ಕಟ್ಟಬೇಕಿತ್ತು. ಆ ಹೊರೆ ಇಳಿದದ್ದು ಸಣ್ಣ ಸಂಗತಿ ಅಲ್ಲ.

ಕರಾವಳಿ ಗಾಳಿ:

ಅದು ಸರಿ. ಅದನ್ನು ಹಾಗೇ ಹೇಳಲಿ, ನಂಬರ್ ಹಿಂದೆ ಬಚ್ಚಿಡುವುದು ಬೇಡ ಅಂತ ನನ್ನ ಮಾತು.

ಹೆಲಿಕಾಪ್ಟರ್ ಸದ್ದಿನ ಬೀದಿ:

ಮಾರುತ್ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಎಚ್‌ಎಎಲ್ ಸುತ್ತಮುತ್ತಲೇ ಬೆಳೆದವನು. ಮನೆಯಲ್ಲಿ ಮಾರುತ್ ಮಾತು ಕೇಳದೆ ದೊಡ್ಡವನಾಗಲಿಲ್ಲ.

1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಫೊಕೆ-ವುಲ್ಫ್ 190 ವಿಮಾನ ರೂಪಿಸಿದವರು. ಅವರ ಜೊತೆ ನಮ್ಮ ಎಂಜಿನಿಯರ್‌ಗಳು ಸೇರಿ ಎಚ್‌ಎಫ್-24, ಅಂದರೆ ಮಾರುತ್, ಶುರು ಮಾಡಿದರು. ಮೊದಲು ಪೂರ್ತಿ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ನೋಡಿದರು. 17 ಜೂನ್ 1961ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. ಸ್ವಾತಂತ್ರ್ಯ ಬಂದು ಆಗಿನ್ನೂ 14 ವರ್ಷ!

ಅದರ ಮೈ ಮ್ಯಾಕ್ 2ಕ್ಕೆ ಅಂತ ಎಳೆದದ್ದು. ಅಂದರೆ ಎರಡನೇ ತಲೆಮಾರಿನ ಮೈ. ಆದರೆ ಅದಕ್ಕೆ ಬೇಕಾದ ಇಂಜಿನ್ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಆರ್ಫಿಯಸ್ 12 ಅನ್ನುವ ಇಂಜಿನ್ ತಯಾರಾಗುತ್ತಿತ್ತು. ಅದನ್ನು ಮುಂದುವರಿಸಲು ನಮ್ಮಿಂದ ಹಣ ಕೇಳಿದರು, ನಾವು ಕೊಡಲಿಲ್ಲ. ಅದು ಅಲ್ಲೇ ನಿಂತಿತು. ಆಮೇಲೆ ಈಜಿಪ್ಟಿನವರು ಮಾಡುತ್ತಿದ್ದ ಇಂಜಿನ್ ಕೂಡ ಹಾಕಿ ನೋಡಿದರು. ಅದೂ ಆಗಲಿಲ್ಲ. ಕೊನೆಗೆ ಆಫ್ಟರ್‌ಬರ್ನರ್ ಇಲ್ಲದ ಎರಡು ಸಣ್ಣ ಆರ್ಫಿಯಸ್ 703 ಇಂಜಿನ್‌ಗಳಲ್ಲೇ ಮಾರುತ್ ಹಾರಬೇಕಾಯಿತು. ಸಮತಟ್ಟಾಗಿ ಹಾರುವಾಗ ಶಬ್ದದ ವೇಗ ಮುಟ್ಟಲೂ ಅದು ತಿಣುಕಬೇಕಿತ್ತು.

ಆಫ್ಟರ್‌ಬರ್ನರ್ ಜೋಡಿಸಿದ ಮಾರುತ್ ಒಂದನ್ನು ನಮ್ಮವರೇ ಸಿದ್ಧ ಮಾಡಿದ್ದರು. 1970ರ ಜನವರಿಯಲ್ಲಿ ಅದನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲೇ ಬಿದ್ದು, ಮೊದಲ ಮಾರುತ್ ಹಾರಿಸಿದ ಅದೇ ಸುರಂಜನ್ ದಾಸ್ ತೀರಿಹೋದರು. ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. ಅದು ಯಾರ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು? ದಯವಿಟ್ಟು ನಿಮ್ಮ ಮಕ್ಕಳಿಗೆ ಹೇಳಿ.

ಪರೀಕ್ಷೆಯ ಮಾದರಿಗಳೂ ಸೇರಿ 147 ಮಾರುತ್ ಕಟ್ಟಿದರು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಿದವು. ವಿಮಾನ ವಿಮಾನದ ಕಾಳಗದಲ್ಲಿ ಒಂದು ಮಾರುತ್ ಕೂಡ ಬೀಳಲಿಲ್ಲ. ಗುಂಡು ತಿಂದು ಒಂದೇ ಇಂಜಿನ್ನಿನಲ್ಲಿ ವಾಪಸ್ ಬಂದವೂ ಇವೆ.

ಹಕ್ಕಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಮಾರುತ್‌ನ ರೆಕ್ಕೆ ನೋಡಿದರೆ ಎರಡನೇ ತಲೆಮಾರು. ಇಂಜಿನ್ ನೋಡಿದರೆ ಮೊದಲನೆಯದು. ರಾಡಾರೂ ಇಲ್ಲ, ಕ್ಷಿಪಣಿಯೂ ಇಲ್ಲ, ಬಂದೂಕು, ರಾಕೆಟ್ ಮತ್ತು ಬಾಂಬ್ ಮಾತ್ರ. ಯಾವ ಪಟ್ಟಿಯಲ್ಲೂ ಅದಕ್ಕೆ ಸರಿಯಾದ ಜಾಗ ಸಿಗುವುದಿಲ್ಲ. ಬಹುಪಾಲು ಪಟ್ಟಿಗಳಲ್ಲಿ ಅದರ ಹೆಸರೇ ಇರುವುದಿಲ್ಲ, ಅದು ನನಗೆ ಜಾಸ್ತಿ ನೋವು.

ದಾವಣಗೆರೆ ಮಿಂಚು:

ಆ ರಸ್ತೆಯಲ್ಲಿ ಎರಡು ವರ್ಷ ಪಿಜಿಯಲ್ಲಿದ್ದೆ. ಗೊತ್ತೇ ಇರಲಿಲ್ಲ. ಧನ್ಯವಾದ.

ರಾಡಾರ್ ರಸಿಕ:

ಮಾರುತ್ ಮಾತಿಗೆ ಕೈ ಮುಗಿದು, ತೇಜಸ್ ವಿಷಯಕ್ಕೆ ಬರುತ್ತೇನೆ.

"4.5" ಅನ್ನುವುದಕ್ಕೆ ನನಗೆ ಗೊತ್ತಿರುವ ಹಾಗೆ ಒಂದು ಕಡೆ ಬರಹದ ಆಧಾರ ಇದೆ. ಅಮೆರಿಕದ ಸಂಸತ್ತು 2010ರ ಸಾಲಿನ ರಕ್ಷಣಾ ವೆಚ್ಚದ ಕಾಯ್ದೆಯಲ್ಲಿ 4.5 ತಲೆಮಾರು ಅಂದರೆ ಏನು ಅಂತ ಬರೆದುಬಿಟ್ಟಿತು. ಏಸಾ ರಾಡಾರ್ ಇರಬೇಕು, ಜಾಸ್ತಿ ಮಾಹಿತಿ ಹೊರುವ ಡೇಟಾ ಲಿಂಕ್ ಇರಬೇಕು, ಉತ್ತಮ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಇರಬೇಕು, ಈಗಿನ ಮತ್ತು ಮುಂದೆ ಬರುವ ಆಯುಧ ಹೊರುವ ಶಕ್ತಿ ಇರಬೇಕು. ಏಸಾ ಅಂದರೆ ರಾಡಾರ್ ತಟ್ಟೆ ಅತ್ತಿತ್ತ ತಿರುಗುವುದಿಲ್ಲ. ನೂರಾರು ಪುಟ್ಟ ಕೋಶಗಳು ಒಂದೊಂದೂ ಅಲೆ ಕಳಿಸುತ್ತವೆ, ಅಲೆಯ ದಿಕ್ಕನ್ನು ಕಂಪ್ಯೂಟರ್ ಕ್ಷಣದಲ್ಲಿ ತಿರುಗಿಸುತ್ತದೆ.

ಅಮೆರಿಕದವರು ಅವರ ಖರೀದಿಗಾಗಿ ಬರೆದುಕೊಂಡದ್ದು ಅದು, ನಮಗೆ ಕಟ್ಟಲೆ ಅಲ್ಲ. ಆದರೂ ಅದನ್ನೇ ಹಿಡಿದು ನೋಡೋಣ. ಈಗ ಹಾರುತ್ತಿರುವ ತೇಜಸ್ ಮಾರ್ಕ್ 1ರ ರಾಡಾರ್ ತಟ್ಟೆ ತಿರುಗುವ ಬಗೆಯದು. ಹಾಗಾಗಿ ಅದು ನಾಲ್ಕು. ಮಾರ್ಕ್ 1ಎಗೆ ಏಸಾ ರಾಡಾರ್ ಇದೆ. ಅದು 4.5. 2021ರಲ್ಲಿ ಯಲಹಂಕದ ಏರೋ ಇಂಡಿಯಾದಲ್ಲೇ 83 ಮಾರ್ಕ್ 1ಎಗಳಿಗೆ ಒಪ್ಪಂದ ಕೈಬದಲಾಯಿತು. ಅಂದರೆ ನೀವೂ ಸರಿ, ಭಾವನವರು ಅರ್ಧ ಸರಿ. ಆದರೆ ಅವರ "ಹಳೇದು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಯಾಕೆಂದರೆ ತೇಜಸ್‌ನ ಮೈ ತಾನಾಗಿ ನೆಟ್ಟಗೆ ಹಾರುವುದಿಲ್ಲ. ಬೇಕಂತಲೇ ಅಸ್ಥಿರವಾಗಿ ಮಾಡಿದ್ದು, ಚುರುಕಾಗಿ ತಿರುಗಲಿ ಅಂತ. ಅಂಗೈ ಮೇಲೆ ಕೋಲು ನಿಲ್ಲಿಸುವಾಗ ಕೈ ಸದಾ ಅಲ್ಲಾಡುತ್ತಿರಬೇಕಲ್ವಾ, ಹಾಗೆ ಕಂಪ್ಯೂಟರ್ ಪ್ರತಿ ಕ್ಷಣ ರೆಕ್ಕೆಯ ಪಟ್ಟಿಗಳನ್ನು ಆಡಿಸುತ್ತಿರಬೇಕು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ನಾಲ್ಕು ಸಾಲು ಕಂಪ್ಯೂಟರ್ ವ್ಯವಸ್ಥೆ. ಇದನ್ನು ಮಾಡಲು ಅಮೆರಿಕದ ಒಂದು ಸಂಸ್ಥೆಯ ಜೊತೆ ಕೆಲಸ ನಡೆದಿತ್ತು. 1998ರ ಪೋಖ್ರಾನ್ ಪರೀಕ್ಷೆ ಆದಮೇಲೆ ನಿರ್ಬಂಧ ಬಂತು, ಆ ಬಾಗಿಲು ಮುಚ್ಚಿತು. ಬೆಂಗಳೂರಿನ ಎಂಜಿನಿಯರ್‌ಗಳು ಇಲ್ಲೇ ಕೂತು ಮುಗಿಸಿದರು. 4 ಜನವರಿ 2001ರಂದು ತೇಜಸ್ ಮೊದಲ ಸಲ ಹಾರಿತು. ಆ ಕಂಪ್ಯೂಟರ್‌ಗೆ ಬರೆದ ಸಾಫ್ಟ್‌ವೇರ್‌ನಲ್ಲಿ ದೊಡ್ಡ ತಪ್ಪಿದ್ದರೆ ವಿಮಾನ ಉಳಿಯುತ್ತಿರಲಿಲ್ಲ.

ಇನ್ನೊಂದು ಮಾತು. ಎಲ್ಲರೂ 4.5 ಅನ್ನುವ ನಮ್ಮ ಸುಖೋಯ್-30 ಎಂಕೆಐ ಇದೆಯಲ್ಲ, ಅದು ಸೇವೆಗೆ ಬಂದದ್ದು ಏಸಾ ಅಲ್ಲದ ಬಾರ್ಸ್ ರಾಡಾರ್ ಜೊತೆ. ಆ ಕಾಯ್ದೆಯ ಪ್ರಕಾರ ಅದು 4.5 ಆಗುವುದಿಲ್ಲ! ಹಾಗಂತ ಅದರ ಮುಂದೆ ನಿಂತು ಯಾರೂ ಅದನ್ನು ಕಡಿಮೆ ಅನ್ನಲಾರರು.

ಯಲಹಂಕದ ಹಕ್ಕಿ:

ಎಲ್ಲರಿಗೂ ಮನಸ್ಸು ತುಂಬಿ ವಂದನೆ. ಎರಡು ಸಲ ಓದಿದೆ.

ಓದುತ್ತಾ ಒಂದು ವಿಷಯ ಚುಚ್ಚಿತು. ಏರೋ ಇಂಡಿಯಾದಲ್ಲಿ ನಮ್ಮವರು ರೂಪಿಸುತ್ತಿರುವ ಐದನೇ ತಲೆಮಾರಿನ ಫೈಟರ್ ಎಎಂಸಿಎಯ ಪೂರ್ತಿ ಅಳತೆಯ ಮಾದರಿ ನಿಲ್ಲಿಸಿದ್ದರು. ಆಯುಧ ಹೊಟ್ಟೆಯೊಳಗೆ, ಓರೆ ಅಂಚುಗಳು, ಎಲ್ಲ ರಸಿಕರು ಹೇಳಿದ ಹಾಗೇ. 2024ರಲ್ಲಿ ಅದನ್ನು ರೂಪಿಸಲು ಸುಮಾರು 15,000 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿದೆ. ಆದರೆ ಮೊದಲ ವಿಮಾನಗಳಿಗೆ ಇಂಜಿನ್ ಅಮೆರಿಕದ ಎಫ್-414. ಮಾರುತ್ ಕಥೆ ಓದಿದ ಮೇಲೆ ಆ ಸಾಲು ಬೇರೆ ಥರ ಕೇಳಿಸುತ್ತಿದೆ.

ಹೆಲಿಕಾಪ್ಟರ್ ಸದ್ದಿನ ಬೀದಿ:

ನನಗೂ ಅದೇ ಭಯ. ಕಾವೇರಿ ಇಂಜಿನ್ನಿಗಾಗಿ ನಮ್ಮವರು ಬೆಂಗಳೂರಿನಲ್ಲೇ ದಶಕಗಳು ಬೆವರು ಸುರಿಸಿದರು. ತೇಜಸ್‌ಗೆ ಬೇಕಾದಷ್ಟು ಬಲ ಬರಲಿಲ್ಲ. ಸಾವಿರ ಡಿಗ್ರಿಗೂ ಮೀರಿದ ಬಿಸಿಯಲ್ಲಿ ತಿರುಗುವ ಬ್ಲೇಡ್ ಮಾಡುವುದು ವಿಮಾನ ಮಾಡುವುದಕ್ಕಿಂತ ಕಷ್ಟ. ಹಣ, ಸಮಯ ಎರಡನ್ನೂ ಅಲ್ಲಿ ಸುರಿಯಬೇಕು. ಆರನೇ ತಲೆಮಾರಿನ ಮಾತು ಈಗಲೇ ಶುರುವಾಗಿದೆ. 2025ರ ಮಾರ್ಚ್‌ನಲ್ಲಿ ಅಮೆರಿಕ ಎಫ್-47 ಅಂತ ಹೆಸರು ಹೇಳಿತು, ಬ್ರಿಟನ್, ಇಟಲಿ, ಜಪಾನ್ ಸೇರಿ 2035ರ ಗುರಿ ಇಟ್ಟುಕೊಂಡಿವೆ. ಇಂಜಿನ್ನಿಗಾಗಿ ಅವರು ಹೊರಗಿನವರ ಮುಂದೆ ಕೈ ಚಾಚಬೇಕಿಲ್ಲ.

ಹಳೇ ಟೆಕ್ನಿಷಿಯನ್:

ಹಕ್ಕಿಯವರೇ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು ಮಾರುತ್ ಇದೆ. ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಭಾವನವರನ್ನು ಕರೆದುಕೊಂಡು ಹೋಗಿ. ಮೊದಲು ಮುಂದೆ ನಿಂತು ಆ ಚೂಪು ಮೂಗು, ತೆಳು ರೆಕ್ಕೆ ನೋಡಿ. ಆಮೇಲೆ ಹಿಂದೆ ಹೋಗಿ ಆ ಎರಡು ಪುಟ್ಟ ಇಂಜಿನ್ ಬಾಯಿಗಳನ್ನು ನೋಡಿ.

ಯಲಹಂಕದ ಹಕ್ಕಿ:

ಈ ಭಾನುವಾರ ಹೊರಟಿದ್ದೇವೆ ಸರ್. ಭಾವ ಒಪ್ಪಿದ್ದಾರೆ. ಹೋಗುವಾಗ ಸುರಂಜನ್ ದಾಸ್ ರಸ್ತೆಯ ಮೇಲಿಂದಲೇ ಹೋಗುತ್ತೇವೆ.